ದಾವೀದರಾಜ ಯಾವ ಪೈಕಿ?

ಹೊರಡುವ ಮೊದಲು

ಹೊಸಬರು ಯಾರಾದರೂ ಎದುರಿಗೆ ಕೂತರೆ ನನ್ನ ಬಾಯಿಗೆ ಮೊದಲು ಬರುವ ಪ್ರಶ್ನೆ ಒಂದೇ: ನೀವು ಯಾವ ಪೈಕಿ? ರೈಲಿನಲ್ಲಿ ಕೇಳಿದ್ದೇನೆ. ಆಸ್ಪತ್ರೆಯಲ್ಲಿ ಸೂಜಿ ಚುಚ್ಚುತ್ತಿದ್ದ ನರ್ಸಮ್ಮನನ್ನೂ ಬಿಟ್ಟಿಲ್ಲ, ಆಕೆ ಉತ್ತರವಾಗಿ ಇನ್ನಷ್ಟು ಜೋರಾಗಿ ಚುಚ್ಚಿದಳು. ನಮ್ಮ ಕಂಪ್ಲಿಯಲ್ಲಿ ಈ ಚಟ ನನ್ನೊಬ್ಬನದೇ ಅಲ್ಲ. ಏಳುನೂರು ವರ್ಷದ ಹಿಂದೆ ಇಲ್ಲಿ ಆಳಿದ ರಾಜ ಯಾವ ಪೈಕಿ ಅಂತ ಚಾ ಅಂಗಡಿಯಲ್ಲಿ ಇವತ್ತಿಗೂ ವಾದ ನಡೆಯುತ್ತದೆ. ಹಂಪಿಯ ಗೈಡುಗಳನ್ನು ಕೇಳಿ ನೋಡಿ, ಬಂದವರು ಆನೆಲಾಯ ನೋಡಿ ಮುಗಿಸುವ ಮೊದಲೇ ವಿಜಯನಗರದ ಅರಸರ ಜಾತಿ ಕೇಳುತ್ತಾರಂತೆ.

ಇಂಥ ನಾನು ಜೋರ್ಡಾನ್, ಬೆತ್ಲೆಹೇಮ್, ಜೆರುಸಲೇಮ್ ನೋಡಿ ಬಂದದ್ದು ಶಾಂತಮ್ಮನ ಮೊಣಕಾಲಿನ ದಯೆಯಿಂದ. ಶಾಂತಮ್ಮನ ಗಂಡ ದೇವದಾನಂ ಸಂಡೂರಿನ ಗಣಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವ, ಈಗ ನಿವೃತ್ತನಾಗಿ ಹೊಸಪೇಟೆಯಲ್ಲಿದ್ದಾನೆ. ನಮ್ಮ ರೈಸ್ ಮಿಲ್ಲಿನ ಮೋಟಾರು ಮಲಗಿದಾಗಲೆಲ್ಲ ಮೂವತ್ತು ವರ್ಷ ಬಂದು ಎಬ್ಬಿಸಿಕೊಟ್ಟವ. ಅವರ ಚರ್ಚಿನವರು ಗುಂಪು ಕಟ್ಟಿಕೊಂಡು ಯಾತ್ರೆ ಹೊರಟಿದ್ದರು. ಎರಡು ತಿಂಗಳಿರುವಾಗ ಶಾಂತಮ್ಮನ ಮೊಣಕಾಲು ಕೈಕೊಟ್ಟಿತು.

"ಅಣ್ಣಾರ, ನನ್ನ ಬದ್ಲಿ ನೀವು ಹೋಗ್ರಿ. ಇವರನ್ನ ಒಬ್ರನ್ನ ಕಳಿಸಿದ್ರ ಅಲ್ಲೆ ಯಾವ್ದಾರ ಹೋಟೆಲಿನ ಫ್ಯಾನ್ ಬಿಚ್ಕೊಂಡು ಕುಂದರ್ತಾರ" ಅಂದರು. ಜೀವಮಾನವೆಲ್ಲ ಕಾದಿದ್ದ ಯಾತ್ರೆಯನ್ನು ಆ ತಾಯಿ ನಗುತ್ತಾ ನನ್ನ ಕೈಗಿಟ್ಟರು. ಆ ಋಣ ದೊಡ್ಡದು.

ಹೊರಡುವಾಗ ನನ್ನ ಮನಸ್ಸಿನಲ್ಲಿ ಒಂದು ಮುಳ್ಳಿತ್ತು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಹೆಳವರು ಅಂತ ಇದ್ದಾರೆ. ಮನೆಮನೆಯ ವಂಶಾವಳಿ ಕಾಪಾಡುವವರು. ಎರಡು ಮೂರು ವರ್ಷಕ್ಕೊಮ್ಮೆ ಬಂದು ಜಗುಲಿಯ ಮೇಲೆ ಕೂತು, ನಮ್ಮ ಏಳು ತಲೆಮಾರಿನ ಹೆಸರನ್ನು ಓಣಿಗೆಲ್ಲ ಕೇಳುವಂತೆ ಹೇಳುತ್ತಾರೆ. ಹೊಸದಾಗಿ ಹುಟ್ಟಿದವರನ್ನು, ಮದುವೆಯಾಗಿ ಬಂದವರನ್ನು ದಪ್ಪ ಪುಸ್ತಕದಲ್ಲಿ ಬರೆದುಕೊಂಡು, ಭತ್ತ ಪಡೆದು ಹೋಗುತ್ತಾರೆ. ಮೊದಲು ಎತ್ತಿನ ಮೇಲೆ ಬರುತ್ತಿದ್ದರು, ಈಗ ಮೋಟಾರ್ ಸೈಕಲ್ ಮೇಲೆ.

ಮೂರು ವರ್ಷದ ಹಿಂದೆ ನನ್ನ ಮಗ ಮಹೇಶ ತಾನೇ ಮೆಚ್ಚಿ ಮದುವೆಯಾದ. ಸೊಸೆ ಸುಜಾತಾ ಬಂಡ್ರಿಯವಳು, ಹೊಸಪೇಟೆಯಲ್ಲಿ ಕಾಲೇಜಿಗೆ ಪಾಠ ಹೇಳುತ್ತಾಳೆ. ನಾವು ಲಿಂಗ ಕಟ್ಟಿಕೊಂಡ ಮನೆತನ. ಅವರ ತಂದೆ ಗಣಿಯಲ್ಲಿ ಕಲ್ಲು ಒಡೆದು ಮಕ್ಕಳನ್ನು ಓದಿಸಿದವರು, ಬೌದ್ಧರಾದವರು. ಮದುವೆಗೆ ನಾನು ಅಡ್ಡ ಬರಲಿಲ್ಲ, ಅಷ್ಟರಮಟ್ಟಿಗೆ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ. ಮರುವರ್ಷ ಹೆಳವ ಬಂದು "ಸೊಸಿ ಯಾವೂರಾಕಿ, ಯಾರ ಮಗಳು?" ಅಂತ ಕೇಳಿದ. ಜಗುಲಿಯಲ್ಲಿ ಅಣ್ಣ ಇದ್ದ, ಓಣಿಯ ನಾಲ್ಕು ಜನ ಇದ್ದರು. ನನ್ನ ನಾಲಿಗೆ "ಚೋರನೂರು ಕಡೇರು, ನಮ್ಮ ಪೈಕಿನಾ" ಅಂದುಬಿಟ್ಟಿತು. ಹೆಳವ ಬರೆದುಕೊಂಡ. ತಿರುಗಿ ನೋಡಿದರೆ ಸುಜಾತಾ ಅವನಿಗೆ ಕೊಡಲು ಮೊರದ ತುಂಬ ಭತ್ತ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಮೊರ ಕೆಳಗಿಟ್ಟು ಒಳಗೆ ಹೋದಳು. ಆ ಮಾತನ್ನು ಆಕೆ ಯಾವತ್ತೂ ಎತ್ತಲಿಲ್ಲ. ಎತ್ತುವ ಧೈರ್ಯ ನನಗೂ ಬರಲಿಲ್ಲ.

ಈಗ ಮೊಮ್ಮಗ ಹುಟ್ಟಿ ನಾಲ್ಕು ತಿಂಗಳು. ಬೇಸಿಗೆ ಭತ್ತದ ಕೊಯ್ಲು ಮುಗಿದೊಡನೆ ಹೆಳವ ಬರುವವನಿದ್ದ. ಮಗುವಿನ ಹೆಸರು ಬರೆಯುವಾಗ ತಾಯಿಯ ತವರು ಮತ್ತೆ ಕೇಳುತ್ತಾನೆ. ನನ್ನ ಸುಳ್ಳು ಮೊಮ್ಮಗನ ತಲೆಗೂ ಅಂಟಿಕೊಳ್ಳುತ್ತದೆ. ಸುಳ್ಳನ್ನೇ ಮುಂದುವರಿಸುವುದೋ, ಓಣಿಯ ಮುಂದೆ ಮರ್ಯಾದೆ ಬಿಟ್ಟು ಒಪ್ಪಿಕೊಳ್ಳುವುದೋ ತಿಳಿಯದೆ ವಿಮಾನ ಹತ್ತಿದೆ. ನನ್ನ ಗುಳಿಗೆಗಳನ್ನು ಬೆಳಿಗ್ಗೆಯವು, ಸಂಜೆಯವು ಅಂತ ಚೀಟಿ ಹಚ್ಚಿ ಜೋಡಿಸಿಕೊಟ್ಟವಳು ಸುಜಾತಾನೇ.

ಅಮ್ಮಾನ್ ಮತ್ತು ಮದಬಾ

ಮೊದಲ ದಿನವೇ ಕಾಫಿಯಿಂದ ಪೇಚಿಗೆ ಸಿಕ್ಕಿಕೊಂಡೆ. ಅಮ್ಮಾನಿನಲ್ಲಿ ನಮ್ಮ ಬಸ್ಸಿನ ಚಾಲಕನ ಮನೆಗೆ ಕರೆದಿದ್ದರು. ಹಿಡಿಯಿಲ್ಲದ ಪುಟ್ಟ ಬಟ್ಟಲಿನಲ್ಲಿ ಏಲಕ್ಕಿ ಹಾಕಿದ ಕಹಿ ಕಾಫಿ. ಕುಡಿದು ಬಟ್ಟಲು ಹಿಂದಕ್ಕೆ ಕೊಟ್ಟರೆ ಮತ್ತೆ ತುಂಬಿಸಿದರು. ಮನೆಗೆ ಬಂದವರು ಬೇಡ ಅಂದರೆ ತಪ್ಪಾದೀತು ಅಂತ ಅದನ್ನೂ ಕುಡಿದೆ. ಹೀಗೆ ಏಳು ಬಟ್ಟಲು. ಎದೆ ನಮ್ಮ ಮಿಲ್ಲಿನ ಹಾಗೆ ಬಡಿದುಕೊಳ್ಳತೊಡಗಿತು. ಬಟ್ಟಲನ್ನು ಎರಡು ಸಲ ಅಲುಗಾಡಿಸಿ ಕೊಟ್ಟರೆ ಮಾತ್ರ ಸಾಕು ಅಂತ ಅರ್ಥವಂತೆ. ಆ ಮನೆಯ ಅಜ್ಜಿ ನಗುತ್ತಾ ನನ್ನ ಮಣಿಕಟ್ಟು ಹಿಡಿದು ಅಲುಗಾಡಿಸುವುದನ್ನು ಕಲಿಸಿಕೊಟ್ಟಳು. ನಮ್ಮ ಮನೆಗಳಲ್ಲಿ ಇಷ್ಟು ಬಡಿಸುತ್ತೇವೆ ನಿಜ, ಆದರೆ ಯಾವ ಪೈಕಿ ಅಂತ ಕೇಳಿದ ಮೇಲೆ. ಅವರು ನನ್ನನ್ನು ಏನೂ ಕೇಳಲಿಲ್ಲ.

ಮರುದಿನ ಮದಬಾ ದಾಟಿ ನೆಬೋ ಬೆಟ್ಟಕ್ಕೆ ಹೋದೆವು. ದಾರಿಯುದ್ದಕ್ಕೂ ಗೋಧಿ, ಜವೆಗೋಧಿಯ ಹೊಲಗಳು ಹಣ್ಣಾಗಿದ್ದವು. ಬೆಟ್ಟದ ತುದಿಯಿಂದ ನೋಡಿದರೆ ಕೆಳಗೆ ಉಪ್ಪಿನ ಸಮುದ್ರ, ಆಚೆ ದಂಡೆಯಲ್ಲಿ ಬೋಳು ಗುಡ್ಡಗಳು, ಆ ಗುಡ್ಡಗಳ ಬೆನ್ನ ಮೇಲೆ ಬೆತ್ಲೆಹೇಮ್. ಕಲ್ಲು ಗುಡ್ಡ ನೋಡಿ ನನಗೆ ಹಂಪಿಯ ನೆನಪಾಯಿತು. ಆದರೆ ಹೊಳೆಯಿಲ್ಲದ ಹಂಪಿ.

ದೇವದಾನಂ ಕೈ ತೋರಿಸಿ ಹೇಳಿದ: "ನಾವು ನಿಂತೀವಲ್ಲ, ಇದು ಮೋವಾಬ್ ಅಂತ ಹಿಂದಿನ ದೇಶ. ದಾವೀದರಾಜನ ಮುತ್ತಜ್ಜಿ ಇಲ್ಲಿಯಾಕಿ."

ದಾವೀದರಾಜ ನನಗೂ ಗೊತ್ತು. ಇಸ್ರೇಲಿನ ದೊಡ್ಡ ರಾಜ, ಯೆಹೂದ್ಯರ ಪಾಲಿಗೆ ನಮ್ಮ ವಿಜಯನಗರದ ಅರಸರಿದ್ದ ಹಾಗೆ. "ರಾಜ ಆ ಕಡೆಯಾತ, ಅಜ್ಜಿ ಈ ಕಡೆಯಾಕಿ ಹೆಂಗಾದ್ಲು?" ಅಂದೆ.

"ಹೇಳ್ತೀನಿ ತಡೀರಿ ಸಾವ್ಕಾರ್ರ. ಆ ಕಡೆ ಹೋದ ಮ್ಯಾಲೆ ಹೇಳಿದ್ರ ಚೊಲೊ."

ಸೇತುವೆ

ಜೋರ್ಡಾನಿನಿಂದ ಆಚೆ ದಾಟಲು ಒಂದು ಸೇತುವೆಯಿದೆ. ಆಗ ಅಲ್ಲಿ ಗಲಾಟೆಯಿಲ್ಲದ ದಿನಗಳು. ಆದರೂ ತಪಾಸಣೆ ಬಿಗಿ. ನನ್ನ ಕೊರಳಿನ ಬೆಳ್ಳಿಯ ಕರಡಿಗೆ ಯಂತ್ರದಲ್ಲಿ ಕಿರುಚಿತು. ಒಳಗೆ ಇಷ್ಟಲಿಂಗವಿದೆ, ಬೇರೆಯವರು ಮುಟ್ಟುವ ಹಾಗಿಲ್ಲ ಅಂತ ನನ್ನ ಹರಕು ಇಂಗ್ಲಿಷಿನಲ್ಲಿ ತಿಳಿಸಿದೆ. ಅಲ್ಲಿದ್ದ ಇಸ್ರೇಲಿನ ಅಧಿಕಾರಿ ಇಪ್ಪತ್ತು ದಾಟಿದ ಹುಡುಗಿ. ಕೈ ಹಿಂದಕ್ಕೆ ಕಟ್ಟಿಕೊಂಡು, ನೀವೇ ತೆಗೆದು ತೋರಿಸಿ ಅಂದಳು. ಅಂಗೈಯಲ್ಲಿಟ್ಟು ತೋರಿಸಿದೆ. ಬಗ್ಗಿ ನೋಡಿ ತಲೆಯಾಡಿಸಿದಳು. ಆ ಸಣ್ಣ ಮರ್ಯಾದೆಗೆ ನನ್ನ ಕಣ್ಣು ಒದ್ದೆಯಾಯಿತು.

ಆಮೇಲೆ ಕೇಳಿದಳು, ತಂದೆಯ ಹೆಸರೇನು, ಅಜ್ಜನ ಹೆಸರೇನು. ಎಲ್ಲರನ್ನೂ ಹೀಗೇ ಕೇಳುತ್ತಾರಂತೆ. ನಾನು ಬಿಡುತ್ತೇನೆಯೇ? ಹೆಳವ ಹೇಳುವ ಧಾಟಿಯಲ್ಲೇ ಏಳು ತಲೆಮಾರು ಒಪ್ಪಿಸಿದೆ. ಆಕೆ ಎರಡನೆಯದಕ್ಕೇ ಬರೆಯುವುದು ನಿಲ್ಲಿಸಿ, ಕೈ ಕಟ್ಟಿಕೊಂಡು ಕೇಳುತ್ತಾ ಕೂತಿದ್ದಳು.

ನನ್ನ ಹಿಂದೆ ದೇವದಾನಂ. ತಂದೆಯ ಹೆಸರು ಹೇಳಿದ. ಅಜ್ಜನ ಹೆಸರು ಅಂದಾಗ "ಗೊತ್ತಿಲ್ಲ ಮೇಡಂ" ಅಂದ. ಅವನ ತಂದೆ ಕೈಗೂಸಾಗಿದ್ದಾಗಲೇ ಅಜ್ಜ ತೀರಿಕೊಂಡಿದ್ದನಂತೆ. ಆಕೆ ನಂಬಲಿಲ್ಲವೋ, ಯಂತ್ರ ಒಪ್ಪಲಿಲ್ಲವೋ, ಅವನನ್ನು ಪಕ್ಕದ ಬೆಂಚಿನಲ್ಲಿ ಎರಡು ತಾಸು ಕೂರಿಸಿದರು. ನಾನು ಬಿಸಿಲಲ್ಲಿ ಬಸ್ಸಿನ ಹತ್ತಿರ ಕಾಯ್ದೆ. ಬಂದವನು ಬೇಸರ ತೋರಿಸಲಿಲ್ಲ. ಬಾಟಲಿಯ ನೀರು ಪೂರ್ತಿ ಕುಡಿದು, "ನಿಮ್ಮ ಪಟ್ಟ್ಯಾಗ ಹೆಣ್ಮಕ್ಕಳು ಒಬ್ರೂ ಇಲ್ಲಲ್ರಿ. ನಿಮ್ಮ ಮನ್ಯಾಗ ಗಂಡಸ್ರಾ ಹಡೀತಾರೇನು?" ಅಂದ. ಬಸ್ಸಿನಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ.

ಬೆತ್ಲೆಹೇಮ್

ಇಲ್ಲಿಂದ ನಮ್ಮ ಗೈಡು ನಬೀಲ್. ಬೆತ್ಲೆಹೇಮಿನ ಅರಬ, ಕ್ರೈಸ್ತ. ಅರಬರೆಂದರೆ ಎಲ್ಲರೂ ಮುಸಲ್ಮಾನರು ಅಂತ ತಿಳಿದಿದ್ದ ನನಗೆ ಇದೇ ಒಂದು ಪಾಠ. ಊರ ಪಕ್ಕದ ಇಳಿಜಾರಿಗೆ ನಮ್ಮನ್ನು ಕರೆದುಕೊಂಡು ಹೋದ. ಜವೆಗೋಧಿ ಅರ್ಧ ಕೊಯ್ದ ಹೊಲ. ಒಬ್ಬಳು ಮುದುಕಿ ಕೂಳೆಯ ನಡುವೆ ಬಗ್ಗಿ, ಬಿದ್ದ ತೆನೆಗಳನ್ನು ಆಯ್ದು ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು. ನಾನೂ ಒಂದು ತೆನೆ ಎತ್ತಿ ಅಂಗೈಯಲ್ಲಿ ಉಜ್ಜಿ ಹೊಟ್ಟು ಊದಿದೆ. ಮಿಲ್ಲಿನವನ ಕೈ ಸುಮ್ಮನಿರುವುದಿಲ್ಲ.

ದೇವದಾನಂ ಅಲ್ಲಿಯೇ ಬದುವಿನ ಮೇಲೆ ಕೂತು ಮುತ್ತಜ್ಜಿಯ ಕಥೆ ಹೇಳಿದ. ಬೆತ್ಲೆಹೇಮಿನಲ್ಲಿ ಬರ ಬಿದ್ದು ಒಂದು ಸಂಸಾರ ಮೋವಾಬಿಗೆ ಹೋಯಿತು. ಗಂಡುಮಕ್ಕಳು ಅಲ್ಲಿಯ ಹುಡುಗಿಯರನ್ನು ಮದುವೆಯಾದರು. ಗಂಡಸರೆಲ್ಲ ತೀರಿಕೊಂಡರು. ಅತ್ತೆ ಬರಿಗೈಯಲ್ಲಿ ಊರಿಗೆ ಹೊರಟಾಗ ರೂತ್ ಎಂಬ ಸೊಸೆ ಹಿಂದೆಯೇ ಬಂದಳು. ಇದೇ ಹೊಲಗಳಲ್ಲಿ ಆ ಮುದುಕಿಯ ಹಾಗೆ ಹಕ್ಕಲಾಯ್ದು ಅತ್ತೆಯನ್ನು ಸಾಕಿದಳು. ಹೊಲದ ಯಜಮಾನ ಆಕೆಯನ್ನು ಮದುವೆಯಾದ. ಅವರ ಮರಿಮಗ ದಾವೀದರಾಜ.

"ಹಂಗಾದ್ರ ರಾಜ ಕಲಬೆರಕಿ ಅನ್ನು" ಅಂದೆ. ನನ್ನ ನಾಲಿಗೆಯ ಗುಣ.

"ಇನ್ನೊಂದು ಕೇಳ್ರಿ. ಮೋವಾಬಿನವರನ್ನ ಹತ್ತು ತಲಿಮಾರು ನಮ್ಮ ಸಭಾದಾಗ ಸೇರಿಸಬಾರ್ದು ಅಂತ ಅವರ ಕಟ್ಟಳಿ ಇತ್ತು. ಆದ್ರ ರಾಜನ ವಂಶ ಬರಿಯೋ ಮುಂದ ಆಕಿ ಹೆಸ್ರು, ಆಕಿ ಊರು ಎಲ್ಲಾ ಬರದ್ರು. ಮುಚ್ಚಿಡಲಿಲ್ಲ. ಯೇಸುಸ್ವಾಮಿ ವಂಶಾವಳ್ಯಾಗೂ ಆಕಿ ಅದಾಳ."

ಸುಜಾತಾಳ ಅಜ್ಜಿ ಊರವರ ಹೊಲಗಳಲ್ಲಿ ಹಕ್ಕಲಾಯ್ದು ಮಕ್ಕಳ ಹೊಟ್ಟೆ ತುಂಬಿಸಿದವಳು. ಬಾಣಂತನದಲ್ಲಿ ಮಗುವನ್ನು ತೂಗುತ್ತಾ ಸುಜಾತಾ ಅದನ್ನು ನನಗೆ ಹೇಳಿದ್ದಳು, ನಾಚಿಕೆಯಿಂದಲ್ಲ, ಹೆಮ್ಮೆಯಿಂದ. ಹೆಳವನ ಮುಂದೆ ನಾನು ಆಡಿದ ಮಾತನ್ನು ಆ ಬದುವಿನ ಮೇಲೆ ದೇವದಾನಂಗೆ ಪೂರ್ತಿ ಹೇಳಿಬಿಟ್ಟೆ. ಹೋಗಲಿ ಬಿಡ್ರಿ ಅಂದಾನು ಅಂದುಕೊಂಡಿದ್ದೆ.

ಅವನು ಅನ್ನಲಿಲ್ಲ. "ಸಾವ್ಕಾರ್ರ, ನಿನ್ನಿ ನೀವು ಏಳು ಮಂದಿ ಹೆಸ್ರು ಹೇಳಿದ್ರಿ. ನನಗ ಎರಡನೇದೂ ಹೇಳಾಕ ಆಗಲಿಲ್ಲ. ಯಾಕಂದ್ರ ನಮ್ಮ ಕೇರಿಗೆ ಯಾವ ಹೆಳವನೂ ಬರ್ತಿದ್ದಿಲ್ಲ. ನಮ್ಮಜ್ಜನ ಹೆಸ್ರು ಬರಿಯೋರಿಲ್ದ ಕಳದು ಹೋತು. ಅದಕ್ಕ ಯಾರನ್ನ ಬೈಲಿ? ಆದ್ರ ಆ ಹುಡುಗಿ ಅಪ್ಪ ಬದುಕ್ಯಾನ. ಹೆಸ್ರು ಐತಿ, ಊರೈತಿ. ಕೇಳಾಕ ಹೆಳವ ಬಂದಾನ. ನೀವು ಕೂತು ಅಳಿಸಿದ್ರಿ."

ಮೂವತ್ತು ವರ್ಷದಲ್ಲಿ ಅವನು ನನಗೆ ಎದುರಾಡಿದ್ದು ಅದೇ ಮೊದಲು. ಎದ್ದು ಬಸ್ಸಿನ ಕಡೆ ನಡೆದ. ಊಟದ ಹೊತ್ತಿಗೆ ಹೋಟೆಲಿನಲ್ಲಿ ಮಾತ್ರ ನನ್ನ ತಟ್ಟೆಯಲ್ಲಿ ಏನಿದೆ ಅಂತ ಬಗ್ಗಿ ನೋಡಿ, ಮಾಂಸ ತಾಗದ ಅನ್ನ, ಕಡಲೆಯ ಪಲ್ಯ ತಾನೇ ಹುಡುಕಿ ತಂದು ಮುಂದಿಟ್ಟ. ಅಂಥ ಗೆಳೆಯನನ್ನು ಪಡೆಯಲು ನಾನೇನು ಪುಣ್ಯ ಮಾಡಿದ್ದೆನೋ.

ಜೆರುಸಲೇಮ್

ದಾವೀದರಾಜನ ಸಮಾಧಿ ಅಂತ ತೋರಿಸುವ ಕಟ್ಟಡ ಊರ ಗೋಡೆಯ ಹೊರಗಿದೆ. ನಿಜವಾದ ಸಮಾಧಿ ಇದಾಗಿರಲಾರದು ಅಂತ ತಿಳಿದವರು ಹೇಳುತ್ತಾರೆ ಅಂತ ನಬೀಲನೇ ಮೊದಲು ತಿಳಿಸಿದ. ನಂಬಿದವರಿಗೆ ಅದರಿಂದೇನೂ ಕಡಿಮೆಯಾದಂತೆ ಕಾಣಲಿಲ್ಲ. ಕೆಳಗೆ ಯೆಹೂದ್ಯರ ಪ್ರಾರ್ಥನೆ. ಮೆಟ್ಟಿಲು ಹತ್ತಿದರೆ ಕ್ರೈಸ್ತರು ಯೇಸುವಿನ ಕೊನೆಯ ಊಟ ಆಯಿತೆನ್ನುವ ಕೋಣೆ. ಅದೇ ಕೋಣೆಯ ಗೋಡೆಯಲ್ಲಿ ಮುಸಲ್ಮಾನರು ನಮಾಜು ಮಾಡುತ್ತಿದ್ದ ಕಾಲದ ಗೂಡು, ಅರಬ್ಬಿ ಬರಹ. ಮೇಲೆ ಮಿನಾರು. ಒಂದೇ ಕಟ್ಟಡದಲ್ಲಿ ಮೂರು ಧರ್ಮದ ಮಂದಿ.

ನನ್ನ ಚಟ ಸುಮ್ಮನಿರಲಿಲ್ಲ. ದಾವೀದರಾಜ ಯಾವ ಪೈಕಿ ಅಂತ ಕಂಡವರನ್ನೆಲ್ಲ ಕೇಳಿಸಿದೆ, ನಬೀಲ್ ನನ್ನ ದುಭಾಷಿ. ಹೊರಗೆ ಎಳ್ಳು ಹಚ್ಚಿದ ರೊಟ್ಟಿ ಮಾರುತ್ತಿದ್ದವನು "ದಾವೂದ್ ನಬಿ, ನಮ್ಮ ಪ್ರವಾದಿ" ಅಂದು ಎದೆ ಮುಟ್ಟಿಕೊಂಡ. ಮೇಲಿನ ಕೋಣೆಯಲ್ಲಿದ್ದ ಫಿಲಿಪೀನ್ಸಿನ ಸನ್ಯಾಸಿನಿ "ನಮ್ಮ ಸ್ವಾಮಿಯ ಪೂರ್ವಜ" ಅಂದಳು. ಕಂಪ್ಲಿಯ ಚಾ ಅಂಗಡಿ ಕಣ್ಣ ಮುಂದೆ ಬಂತು.

ಕೆಳಗೆ ಸಮಾಧಿಯ ಹತ್ತಿರ ಗಂಡಸರಿಗೊಂದು ಕಡೆ, ಹೆಂಗಸರಿಗೊಂದು ಕಡೆ. ತಲೆ ಮುಚ್ಚಿಕೊಳ್ಳಬೇಕು. ಬಾಗಿಲಲ್ಲಿ ಕೊಟ್ಟ ಪುಟ್ಟ ಟೊಪ್ಪಿಗೆ ನನ್ನ ಬೋಳು ತಲೆಯ ಮೇಲೆ ನಿಲ್ಲಲೊಲ್ಲದು. ಕೈ ಮುಗಿಯಲು ಬಗ್ಗಿದೆ, ಬಿತ್ತು. ಎತ್ತಿ ಹಾಕಿಕೊಂಡೆ, ಮತ್ತೆ ಬಿತ್ತು. ಅಲ್ಲಿ ಪುಸ್ತಕ ಓದುತ್ತಾ ಕೂತಿದ್ದ ಬಿಳಿ ಗಡ್ಡದ ಯಜಮಾನರು ಎದ್ದು ಬಂದು, ತಮ್ಮ ಅಂಗಿಯಿಂದ ಪಿನ್ನು ತೆಗೆದರು. ಸಿಕ್ಕಿಸಲು ಕೂದಲೇ ಇಲ್ಲದ್ದು ನೋಡಿ, ನಗುತ್ತಾ ತಮ್ಮ ಅಂಗೈಯನ್ನೇ ನನ್ನ ತಲೆಯ ಮೇಲಿಟ್ಟು ಟೊಪ್ಪಿಗೆ ಹಿಡಿದು ನಿಂತರು. ನಾನು ಹಾಗೆಯೇ ಕೈ ಮುಗಿದೆ. ಹೊದಿಸಿದ ಮಖಮಲ್ಲಿನ ಮುಂದೆ ದರ್ಗಾದಲ್ಲಿ ನಿಂತ ಹಾಗೇ ಅನ್ನಿಸಿತು.

ಅವರಿಗೂ ಅದೇ ಪ್ರಶ್ನೆ. "ನಮ್ಮ ರಾಜ. ಯೆಹೂದ ಕುಲದವನು" ಅಂದರು.

"ಮುತ್ತಜ್ಜಿ ಮೋವಾಬಿನವಳಲ್ಲವೇ?" ಅಂತ ಕೇಳಿಸಿದೆ.

ಯಜಮಾನರು ಸಿಟ್ಟಾಗಲಿಲ್ಲ. ನಿಧಾನವಾಗಿ ಹೇಳಿದರು, ನಬೀಲ್ ಒಂದೊಂದೇ ಮಾತು ದಾಟಿಸಿದ. ಆಕೆ ಬಂದು ನಮ್ಮೊಡನೆ ಸೇರಿದಳು, ಸೇರಿದ ಮೇಲೆ ನಮ್ಮವಳೇ. ಆದರೆ ಮೋವಾಬಿನವಳು ಅನ್ನುವುದನ್ನು ಯಾವತ್ತೂ ಬಿಟ್ಟು ಹೇಳುವುದಿಲ್ಲ. ಪ್ರತಿ ವರ್ಷ ಕೊಯ್ಲಿನ ಹಬ್ಬದಲ್ಲಿ ಆಕೆಯ ಕಥೆಯನ್ನು ಎಲ್ಲರ ಎದುರು ಓದುತ್ತೇವೆ.

"ರಾಜನಿಗೆ ಅವಮಾನವಲ್ಲವೇ?"

ಅವರು ನನ್ನನ್ನೇ ದಿಟ್ಟಿಸಿ ನೋಡಿದರು. "ಮುತ್ತಜ್ಜಿ ಎಲ್ಲಿಯವಳೆಂದು ಹೇಳದಿದ್ದರೆ ಅವಮಾನ, ಆಕೆಗೆ" ಅಂದರು.

ನಾನು ಅವರ ಕೈ ಹಿಡಿದು ಕಣ್ಣಿಗೊತ್ತಿಕೊಂಡೆ. ಯಾಕೆ ಅಂತ ಅವರಿಗೆ ಗೊತ್ತಾಗಿರಲಿಕ್ಕಿಲ್ಲ. ಹೊರಗೆ ಬಂದು ದೇವದಾನಂಗೆ "ಸೊಸಿ ಊರು ಬರಸ್ತೀನಿ" ಅಂದೆ. "ಮೊದಲ ಬರಸ್ರಿ, ಆಮೇಲೆ ಹೇಳ್ರಿ" ಅಂದ. ಅವನು ನನ್ನನ್ನು ಪೂರ್ತಿ ನಂಬಿರಲಿಲ್ಲ. ನಂಬುವಂಥ ಕೆಲಸ ನಾನಿನ್ನೂ ಮಾಡಿರಲಿಲ್ಲ.

ಮತ್ತೆ ಕಂಪ್ಲಿ

ಊರಿಗೆ ಬಂದ ಹನ್ನೆರಡನೆಯ ದಿನ ಹೆಳವ ಸಂಗಪ್ಪನ ಮೋಟಾರ್ ಸೈಕಲ್ ಬಂತು. ಹೊತ್ತು ಏರಿತ್ತು. ಜಗುಲಿಯ ಮೇಲೆ ಅಣ್ಣ ವೀರಣ್ಣ, ಓಣಿಯ ಐದಾರು ಜನ. ಸಂಗಪ್ಪ ಪುಸ್ತಕ ಬಿಚ್ಚಿ ಮೊಮ್ಮಗನ ಹೆಸರು ಬರೆದುಕೊಂಡ. "ತಾಯಿ ತವರು ಚೋರನೂರಲ್ರೀ?" ಅಂದ.

ಜೆರುಸಲೇಮಿನಲ್ಲಿ ಬಹಳ ಸುಲಭ ಅನ್ನಿಸಿದ ಮಾತು, ಅಣ್ಣನ ಎದುರಿಗೆ ಗಂಟಲಿನಿಂದ ಮೇಲೆ ಬರಲೊಲ್ಲದು. ಹೇಗೋ ಹೇಳಿದೆ: "ಅಲ್ಲ. ಬಂಡ್ರಿ. ಹೋದ ಸಲ ನಾ ಸುಳ್ಳ ಹೇಳಿದ್ದೆ."

"ಲೇ ಚನ್ನಾ, ಮಂದಿ ಕೇಳಾಕತ್ತಾರ" ಅಂದ ಅಣ್ಣ, ಹಲ್ಲು ಕಚ್ಚಿ.

"ಕೇಳ್ಲಿ ಅಣ್ಣಾ. ಹೋದ ಸಲ ಸುಳ್ಳೂ ಇವರಾ ಕೇಳ್ಯಾರ."

ಸಂಗಪ್ಪ ಪೆನ್ನು ಎತ್ತಿ ಹಿಡಿದ. "ಬರದದ್ದು ಹೊಡದು ಹಾಕೋ ಪದ್ಧತಿ ನಮ್ಮಾಗ ಇಲ್ರಿ ಸಾವ್ಕಾರ್ರ."

"ಹೊಡೀಬ್ಯಾಡ. ಅದರ ಕೆಳಗ ಬರಿ. ಚನ್ನಬಸಪ್ಪ ಓಣಿಗೆ ಅಂಜಿ ಸುಳ್ಳು ಹೇಳಿದ್ದ, ಸೊಸಿ ಬಂಡ್ರಿಯಾಕಿ ಅಂತ ಬರಿ. ನನ್ನ ಮರಿಮಕ್ಕಳೂ ಓದ್ಲಿ."

ಅಣ್ಣ ಚಪ್ಪಲಿ ಮೆಟ್ಟಿಕೊಂಡು ಇಳಿದು ಹೋದ. ನಾನು ಸುಜಾತಾಳನ್ನು ಕರೆದೆ. ಮಗುವನ್ನು ಎತ್ತಿಕೊಂಡು ಬಾಗಿಲಿಗೆ ಬಂದಳು. ತಂದೆ ತಾಯಿಯ ಹೆಸರನ್ನು ನೀನೇ ಬರೆಸು ಅಂದೆ. ಒಂದು ಗಳಿಗೆ ನನ್ನನ್ನು ನೋಡಿದಳು. "ತಂದಿ ದುರುಗಪ್ಪ. ತಾಯಿ ಹನುಮಕ್ಕ" ಅಂದಳು. ಹೆಣ್ಣುಮಕ್ಕಳ ತಾಯಿಯ ಹೆಸರು ಬರೆಯುವ ರೂಢಿಯಿಲ್ಲ ಅಂತ ಸಂಗಪ್ಪ ಗೊಣಗಿದ. "ಹಕ್ಕಲಾಯ್ದು ಮನಿ ನಡಿಸಿದ ಅಜ್ಜಿ ಹೆಸ್ರೂ ಬರ್ಕೊ" ಅಂದೆ. ಸುಜಾತಾ ಹೇಳಿದ್ದನ್ನು ಬರೆದ ಮೇಲೆ ಸಂಗಪ್ಪ ಎದ್ದು ನಿಂತು, ರೂಢಿಯ ಹಾಗೆ ಓಣಿಗೆ ಮುಖ ಮಾಡಿ ಎಲ್ಲವನ್ನೂ ದೊಡ್ಡ ದನಿಯಲ್ಲಿ ಓದಿದ. ಬಂಡ್ರಿ, ದುರುಗಪ್ಪ, ಹನುಮಕ್ಕ, ಅಜ್ಜಿ ಯಲ್ಲಮ್ಮ. ನನ್ನ ಸುಳ್ಳನ್ನೂ ಬಿಡಲಿಲ್ಲ. ನಾಚಿಕೆಯಾಯಿತು, ಎದೆಯೂ ಹಗುರಾಯಿತು.

ಎಲ್ಲರೂ ಹೋದ ಮೇಲೆ ಸುಜಾತಾ ಅಲ್ಲಿಯೇ ನಿಂತಿದ್ದಳು. ದುರುಗಪ್ಪ ಈ ಎರಡು ವರ್ಷದಲ್ಲಿ ಶೇಂಗಾ ಚೀಲ, ಮೆಣಸಿನಕಾಯಿ ಗಂಟು ಹೊತ್ತುಕೊಂಡು ಎಷ್ಟೋ ಸಲ ಬಂದಿದ್ದರು. ಮಿಲ್ಲಿನ ಗೇಟಿನಲ್ಲಿ ಮಗಳ ಕೈಗೆ ಕೊಟ್ಟು ಹಾಗೇ ಬಸ್ಸಿಗೆ ಹೋಗುತ್ತಿದ್ದರು. ಸಂಕೋಚದ ಮನುಷ್ಯ ಅಂತ ನಾನು ತಿಳಿದಿದ್ದೆ. "ಇನ್ನಾರ ಬೀಗರು ಮನಿಗೆ ಬರಬಹುದಲ್ಲವಾ?" ಅಂದೆ.

"ಅಪ್ಪ ಬರಾಕ ತಯಾರಿದ್ದ ಮಾವಾ. ನಾನಾ ಬ್ಯಾಡ ಅಂದಿದ್ದೆ. ಜಗುಲಿ ಮ್ಯಾಲೆ ಕುಂತ್ರ ಯಾರಾರ ಯಾವೂರ್ರಿ ಅಂತಾರ. ಬಂಡ್ರಿ ಅಂದ್ರ ನೀವು ಸುಳ್ಳಾಗ್ತಿದ್ರಿ. ಚೋರನೂರು ಅಂದ್ರ ಅಪ್ಪ ಸುಳ್ಳಾಗ್ತಿದ್ದ."

ಎರಡು ವರ್ಷ ಆಕೆ ತನ್ನ ತಂದೆಯನ್ನು ಗೇಟಿನಲ್ಲಿ ನಿಲ್ಲಿಸಿ ನನ್ನ ಮಾನ ಕಾಯ್ದಿದ್ದಳು. ಕೈ ಮುಗಿದೆ. ಆಕೆ ನೋಡಿಯೂ ನೋಡದವಳಂತೆ ಮಗುವನ್ನು ನನ್ನ ತೋಳಿಗೆ ಕೊಟ್ಟು ಫೋನ್ ಹಚ್ಚಿದಳು.

"ಅಪ್ಪಾ, ಅವ್ವನ್ನ ಕರ್ಕೊಂಡು ಬಾ. ಗೇಟಿನ ಹತ್ರ ನಿಂದರಬ್ಯಾಡ, ಸೀದಾ ಮನಿಗೆ ಬಾ. ಯಾರಾರ ಕೇಳಿದ್ರ ನಿನ್ನ ಊರು ಹೇಳು."